ಆನೆಯನ್ನು ಹತ್ತರಿಂದ ಭಾಗಿಸಿದರೆ

ಈ ಭೂಮಂಡಲದ ಮೇಲೆ ನನಗೆ ಹೊಡೆದಷ್ಟು ದೊಡ್ಡ ಲಕ್ವ ಇನ್ನೊಬ್ಬನಿಗೆ ಹೊಡೆದಿಲ್ಲ. ಹೊಡೆದ ಸದ್ದಿಗೆ ದಾವಣಗೆರೆಯ ಅರ್ಧ ಊರಿನ ಕಿಟಕಿ ಗಾಜು ಪುಡಿಯಾದವು. ಹರಿಹರದ ಸೇತುವೆ ಮೇಲೆ ಹೋಗುತ್ತಿದ್ದ ರೈಲು ಗಕ್ಕನೆ ನಿಂತು, ಏನಾಯಿತೆಂದು ವಿಚಾರಿಸಿಕೊಂಡು ಮುಂದೆ ಹೋಯಿತು. ನನ್ನ ಹೆಂಡತಿ ಕೊಟ್ರಮ್ಮನನ್ನು ಕೇಳಿದರೆ, ಹಾಗೇನೂ ಇಲ್ಲ, ಕೈಯಲ್ಲಿದ್ದ ಚಹಾದ ಲೋಟ ಬಿತ್ತು ಅಷ್ಟೆ ಅನ್ನುತ್ತಾಳೆ. ಅವಳ ಮಾತು ಕೇಳಬೇಡಿ. ಅವಳು ಎಲ್ಲವನ್ನೂ ಹತ್ತರಿಂದ ಭಾಗಿಸುವ ಹೆಂಗಸು.

ನನ್ನ ಹೆಸರು ಮುರಿಗೆಪ್ಪ. ಮೈಕ್ ಮುರಿಗೆಪ್ಪ ಅಂದರೆ ಚಿತ್ರದುರ್ಗದಿಂದ ಹಾವೇರಿಯವರೆಗೆ ಹಸುಗೂಸಿಗೂ ಗೊತ್ತು. ಆಟೋದ ತಲೆ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡು, "ಬನ್ನಿರಿ, ಬನ್ನಿರಿ, ಬನ್ನಿರಿ!" ಎಂದು ಓಣಿ ಓಣಿ ಕೂಗಿದವನು ನಾನು. ನಾನು ಕೂಗಿದರೆ ಸರ್ಕಸ್ಸಿನ ಒಂದೇ ಒಂದು ಮುದಿ ಸಿಂಹ ಇಪ್ಪತ್ತು ಸಿಂಹವಾಗುತ್ತಿತ್ತು. ಆಷಾಢದ ರಿಯಾಯಿತಿ ಎಂದು ಕೂಗಿದರೆ ಹೆಂಗಸರು ಸೀರೆ ಅಂಗಡಿಯ ಬಾಗಿಲು ಮುರಿಯುತ್ತಿದ್ದರು. ಒಂದೇ ಚುನಾವಣೆಯಲ್ಲಿ ಮೂರು ಪಕ್ಷದವರಿಗೆ ಪ್ರಚಾರ ಮಾಡಿ ಮೂವರನ್ನೂ ಗೆಲ್ಲಿಸಿದ್ದೇನೆ. ಅದು ಹೇಗೆ ಸಾಧ್ಯ ಎಂದು ಕೇಳುವವರಿಗೆ ರಾಜಕೀಯ ಗೊತ್ತಿಲ್ಲ.

ಈಗ ಆ ಕಾಲ ಹೋಯಿತು. ಜಾಹೀರಾತು ಜನರ ಕನ್ನಡಕದೊಳಗೇ ಮೂಡುತ್ತದೆ. ಆಟೋಗಳು ಡ್ರೈವರಿಲ್ಲದೆ ತಾವೇ ಓಡುತ್ತವೆ, ಕೈ ಅಡ್ಡ ಹಿಡಿದರೆ ನಿಂತು ನಮಸ್ಕಾರ ಹೇಳುತ್ತವೆ. ನನ್ನ ಆಟೋ ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ ನಿಂತಿದೆ. ನಾನು ಕೂಗುವಾಗ ಅದನ್ನು ಓಡಿಸುತ್ತಿದ್ದ ದುರುಗೇಶಿಗೆ ನನ್ನಷ್ಟೇ ವಯಸ್ಸು. ಅವನು ಈಗಲೂ ಬಂದು ಗಾಡಿ ಒರೆಸಿ, ಮೈಕಿಗೆ ಎರಡು ಸಲ ಊದಿ, ಒಂದು ಸುತ್ತು ಓಡಿಸಿ ಹೋಗುತ್ತಾನೆ.

ಭಾಗಾಕಾರ ಶುರುವಾದದ್ದೂ ಈ ಆಟೋದಿಂದಲೇ. ಕೊಟ್ರಮ್ಮನನ್ನು ನೋಡಲು ಹೋದಾಗ ನನಗೆ ಹತ್ತು ಆಟೋ ಇವೆ ಎಂದಿದ್ದೆ. ಮದುವೆಯಾಗಿ ಬಂದವಳು ಅಂಗಳದಲ್ಲಿ ನಿಂತು ಆಚೆ ಈಚೆ ನೋಡಿದಳು. ಇದ್ದದ್ದು ಒಂದು. ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂಗಾದ್ರೆ ಇವರ ಮಾತಿಗೆ ಹತ್ತರಿಂದ ಭಾಗಿಸ್ಬೇಕು" ಅಂದಳು. ಅಂದಿನಿಂದ ಭಾಗಿಸುತ್ತಲೇ ಇದ್ದಾಳೆ. ಸಾವಿರ ಜನ ಸೇರಿದ್ದರು ಎಂದರೆ ನೂರು ಜನಕ್ಕೆ ತಲೆದೂಗುತ್ತಾಳೆ. ಹಸಿವಿಗೆ ಪ್ರಾಣ ಹೋಗುತ್ತಿದೆ ಎಂದರೆ ಇನ್ನೊಂದು ಗಳಿಗೆ ಬಿಟ್ಟು ತಟ್ಟೆ ಇಡುತ್ತಾಳೆ. ಲೆಕ್ಕ ಯಾವತ್ತೂ ತಪ್ಪಿರಲಿಲ್ಲ. ಆ ಒಂದು ಬೆಳಿಗ್ಗೆ ಬಿಟ್ಟರೆ.

ಆ ಬೆಳಿಗ್ಗೆ ಎದ್ದು ಕೂತರೆ ಬಲಗೈ ಎತ್ತಲು ಬರುತ್ತಿಲ್ಲ.

"ಲೇ ಕೊಟ್ರಿ, ಕೈ ಮ್ಯಾಲೆ ಆನೆ ಕುಂತೈತಲೇ!"

ಅವಳು ತಿಂಡಿಗೆ ಮಂಡಕ್ಕಿ ನೆನೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಆನೆ ಅಂದ್ರೆ ನಮ್ಮ ಲೆಕ್ಕದಾಗೆ ಎಮ್ಮೆಕರ. ಮಗ್ಗುಲಾಗಿ ಮಲಗಿದ್ರಲ್ಲ, ಜೋಮು ಹಿಡ್ದಿರ್ತೈತಿ. ಅಲ್ಲಾಡಿಸ್ರಿ."

"ನಾಲಿಗಿ ತಿರುಗವಲ್ದು. ಬಾಯಾಗೆ ಒಂದು ಹತ್ತಿ ಮಿಲ್ಲು ತುರುಕಿದಂಗೈತಿ."

"ಹತ್ತಿ ಮಿಲ್ಲೋ? ಹಂಗಾದ್ರೆ ಒಂದು ತಲೆದಿಂಬು ಇರ್ಬೇಕು. ಬಾಯಿ ಮುಕ್ಕಳಿಸ್ರಿ, ಚಹಾ ತರ್ತೀನಿ."

ಕೈಗೆ ಎಣ್ಣೆ ಹಚ್ಚಿ ತಿಕ್ಕಿದಳು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬರುವ ತನಕ ನಾನು ಆನೆ ಆನೆ ಅನ್ನುತ್ತಲೇ ಇದ್ದೆ, ಅವಳು ಎಮ್ಮೆಕರ ಎಮ್ಮೆಕರ ಅನ್ನುತ್ತಲೇ ಇದ್ದಳು. ಕೊನೆಗೆ ಕುಡಿದ ಚಹಾ ಬಾಯಿಯ ಬಲಗಡೆಯಿಂದ ಹಾಗೆಯೇ ಕೆಳಗಿಳಿಯಿತು, ಲೋಟ ಬಿತ್ತು. ನನ್ನ ಮುಖ ನೋಡಿದ ಕೊಟ್ರಮ್ಮನ ಮುಖ ಹೇಗಾಯಿತೆಂದರೆ, ಅದನ್ನು ಮಾತ್ರ ನಾನು ಹೆಚ್ಚು ಮಾಡಿ ಹೇಳಲಾರೆ. ಅದಕ್ಕಿಂತ ಹೆಚ್ಚಿನದು ಇಲ್ಲ. ಅವಳು ಚಪ್ಪಲಿ ಮೆಟ್ಟದೆ ರಸ್ತೆಗೆ ಓಡಿದಳು.

*

ಆಸ್ಪತ್ರೆಯಲ್ಲಿ ನನ್ನ ತೊಡೆಯ ರಕ್ತನಾಳದಿಂದ ಒಂದು ಜಲಾಂತರ್ಗಾಮಿ ಹಡಗನ್ನೇ ಒಳಗೆ ಬಿಟ್ಟರು. (ಅಕ್ಕಿ ನುಚ್ಚಿನಷ್ಟಿತ್ತು ಎಂದು ಕೊಟ್ರಮ್ಮ ಹೇಳುತ್ತಾಳೆ.) ಹೊರಗಿನಿಂದ ಅಯಸ್ಕಾಂತ ಹಿಡಿದು ಅದನ್ನು ನಡೆಸಿಕೊಂಡು ಹೋಗಿ, ಕತ್ತು ದಾಟಿಸಿ, ತಲೆಯ ಎಡಭಾಗದಲ್ಲಿ ದಾರಿ ಕಟ್ಟಿ ಕೂತಿದ್ದ ಹೆಪ್ಪುಗಟ್ಟಿದ ರಕ್ತದ ಚೂರನ್ನು ಕಚ್ಚಿ ಎಳೆದು ತಂದರು. ಸೀಸೆಯಲ್ಲಿ ಹಾಕಿ ತೋರಿಸಿದರು. ಎಳ್ಳಿನಷ್ಟು. ಇಷ್ಟು ದೊಡ್ಡ ಮನುಷ್ಯನನ್ನು ಇಷ್ಟು ಸಣ್ಣದು ಕೆಡವಿತೆಂದರೆ ನನಗೆ ಅವಮಾನವಾಯಿತು. ಹಲಸಿನ ಬೀಜದಷ್ಟು ಇತ್ತೆಂದು ಎಲ್ಲರಿಗೂ ಹೇಳಬೇಕು ಎಂದುಕೊಂಡು ಬಾಯಿ ತೆರೆದೆ.

"ಬನ್ನಿರಿ, ಬನ್ನಿರಿ, ಬನ್ನಿರಿ!" ಅಂದಿತು ಬಾಯಿ.

ಇನ್ನೊಮ್ಮೆ ತೆರೆದೆ. "ಬನ್ನಿರಿ, ಬನ್ನಿರಿ, ಬನ್ನಿರಿ!"

ಮಾತಿನ ಸಮುದ್ರವೇ ಬತ್ತಿ, ತಳದಲ್ಲಿ ಆ ಒಂದು ಕೂಗು ಉಳಿದಿತ್ತು. ಸೂಜಿ ಹಿಡಿದು ಬಂದ ನರ್ಸಿಗೂ ಬನ್ನಿರಿ. ಬಿಲ್ ಹಿಡಿದು ಬಂದವನಿಗೂ ಬನ್ನಿರಿ. ನೋಡಲು ಬಂದವರು ಹೊರಡಲು ಎದ್ದು ಕೈ ಮುಗಿದರೆ ಆಗಲೂ ಬನ್ನಿರಿ. ಪಾಪ, ಮತ್ತೆ ಕೂತುಕೊಳ್ಳುತ್ತಿದ್ದರು.

ಮಿದುಳಿನ ಡಾಕ್ಟರು ತಬಸ್ಸುಮ್ ಅಂತ. ನಮ್ಮ ಆಜಾದ್ ನಗರದ ಹುಡುಗಿ. ಚಿಕ್ಕವಳಿದ್ದಾಗ ನನ್ನ ಆಟೋದ ಹಿಂದೆ ಕರಪತ್ರಕ್ಕಾಗಿ ಓಡಿದವಳಂತೆ. ಕೊಟ್ರಮ್ಮನನ್ನು ಕೂರಿಸಿಕೊಂಡು ತಿಳಿಯ ಹೇಳಿದಳು.

"ಎಷ್ಟೋ ದಿನ ಬಾಯಿಗೆ ಬಂದು ಬಂದು ರೂಢಿಯಾದ ಮಾತು ಮಿದುಳಿನಾಗೆ ಬೇರೆ ಕಡೆ ಕೂತಿರ್ತದೆ ಅಮ್ಮಾ. ಅದಕ್ಕೇ ಅದೊಂದು ಉಳಿದಿದೆ. ನಾವು ಏನಂತೀವಿ ಅನ್ನೋದು ಯಜಮಾನ್ರಿಗೆ ಪೂರಾ ತಿಳೀತದೆ. ತಿರುಗಿ ಹೇಳೋಕೆ ಬರ್ತಿಲ್ಲ, ಅಷ್ಟೆ."

ಕೊಟ್ರಮ್ಮ ಸೆರಗಿನ ತುದಿ ಸುತ್ತುತ್ತ ಕೇಳಿದಳು. "ಇನ್ನೂ ಲಗೂನ ಕರ್ಕಂಡು ಬಂದಿದ್ರೆ?"

ತಬಸ್ಸುಮ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಸ್ವಲ್ಪ ಜಾಸ್ತಿ ಉಳೀತಿತ್ತು ಅಮ್ಮಾ. ರಕ್ತ ಇಲ್ಲದೆ ಮಿದುಳು ಬಹಳ ಹೊತ್ತು ತಡ್ಕಳಲ್ಲ. ಮುಖ ವಾಲಿದ್ರೆ, ಕೈ ಬಿದ್ರೆ, ಮಾತು ತೊದಲಿದ್ರೆ ಆ ಕ್ಷಣಕ್ಕೇ ಹೊರಟುಬಿಡ್ಬೇಕು. ಆದ್ರೆ ಎಷ್ಟೋ ಮನೆಗಳಲ್ಲಿ ಹಿಂಗೇ ಆಗ್ತದೆ. ನಿಮ್ಮೊಬ್ಬರದೇ ಅಲ್ಲ."

ಕೊಟ್ರಮ್ಮ ಮಂಚದ ಪಕ್ಕ ಬಂದು ನನ್ನ ಬಲಗೈ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಗೊತ್ತಾಗುತ್ತಿತ್ತು.

*

ಗಿಳಿ ಬಂದದ್ದು ಆಮೇಲೆ.

ಆಸ್ಪತ್ರೆಯ ಹಿಂಬದಿಯಲ್ಲಿ ತಬಸ್ಸುಮಳ ಪ್ರಯೋಗಶಾಲೆ. ಗಾಜಿನ ಕೋಣೆ, ಗೋಡೆಯಗಲದ ಪರದೆ. ಪರದೆಯ ಮೇಲೆ ನನ್ನ ತಲೆಯ ನಕ್ಷೆ. ಇಡೀ ಕರ್ನಾಟಕದ ನಕ್ಷೆಯೂ ಅದರ ಮುಂದೆ ಸಣ್ಣದು. ಹಸಿರು ಬಣ್ಣದ, ಹುಣಸೆ ಎಲೆಯಷ್ಟು ತೆಳ್ಳಗಿನ ಜಾಲರಿಯೊಂದನ್ನು ಎಡಗಿವಿಯ ಮೇಲೆ ಕೂದಲೊಳಗೆ ಅಂಟಿಸಿ, ಗುಂಡಿಯಷ್ಟು ದೊಡ್ಡ ಸ್ಪೀಕರನ್ನು ಅಂಗಿಯ ಕಾಲರಿಗೆ ಸಿಕ್ಕಿಸಿದಳು. ಅದಕ್ಕೆ ಉದ್ದನೆಯ ಹೆಸರಿತ್ತು. ಕೊಟ್ರಮ್ಮ ನೋಡಿ, "ಹಸಿರೈತಿ, ಕಿವಿ ಹತ್ರ ಕುಂತು ಮಾತಾಡ್ತೈತಿ ಅಂದ್ರೆ ಗಿಳೀನೇ" ಅಂದಳು. ಅದೇ ಹೆಸರಾಯಿತು.

"ಮಾತು ತಯಾರಾಗೋ ಅಡಿಗೆಮನೆ ಚೆನ್ನಾಗೇ ಇದೆ ಯಜಮಾನ್ರೇ" ಅಂದಳು ತಬಸ್ಸುಮ್. "ಅಲ್ಲಿಂದ ನಾಲಿಗೆ ತನಕ ಬಡಿಸೋಕೆ ಬರೋ ದಾರಿ ಕುಸಿದಿದೆ. ಈ ಗಿಳಿ ಅಡಿಗೆಮನೆ ಕಿಟಕೀಲೇ ಮಾತು ಇಸ್ಕಂಡು ಹೊರಗೆ ಹೇಳಿಬಿಡ್ತದೆ. ಧ್ವನಿನೂ ನಿಮ್ಮದೇ. ದುರುಗೇಶಣ್ಣನ ಹತ್ರ ಇದ್ದ ಹಳೇ ಪ್ರಚಾರದ ಕ್ಯಾಸೆಟ್‌ನಿಂದ ಮಾಡ್ಸೀನಿ. ಈಗ ಏನಾದ್ರೂ ಹೇಳ್ಬೇಕು ಅಂತ ಮನಸ್ಸು ಮಾಡ್ರಿ."

ಗಾಜಿನ ಆಚೆ ತಬಸ್ಸುಮ್, ಈಚೆ ಕೊಟ್ರಮ್ಮ, ಬಾಗಿಲಲ್ಲಿ ದುರುಗೇಶಿ. ವಿಶ್ವವೇ ಉಸಿರು ಹಿಡಿದು ನಿಂತಿತ್ತು. ನಾನು ಒಂದು ಭಾಷಣ ಸಿದ್ಧಮಾಡಿಕೊಂಡೆ. ಯಮಲೋಕದ ಹೆಬ್ಬಾಗಿಲ ತನಕ ಹೋಗಿ, ಯಮನ ಕೋಣದ ಮೂಗುದಾರ ಹಿಡಿದು ತಿರುಗಿಸಿ ಬಂದ ಮುರಿಗೆಪ್ಪ ನಾನು, ಎಂದು ಆರಂಭ. ಮನಸ್ಸು ಮಾಡಿದೆ.

ಯೌವನದ ನನ್ನ ಕಂಚಿನ ಕಂಠದಲ್ಲಿ ಗಿಳಿ ಹೇಳಿತು: "ಹೆದರಿಕೆ ಆಗಿತ್ತು."

ನಾನು ಗಿಳಿಯನ್ನು ಕಿತ್ತು ಬಿಸಾಡಲು ಎಡಗೈ ಎತ್ತಿದೆ. ಅಷ್ಟರಲ್ಲಿ ಅದು, "ಕೊಟ್ರಮ್ಮ ಎಲ್ಲಿ? ಹತ್ತಿರ ಇರಲಿ" ಅಂತಲೂ ಹೇಳಿಬಿಟ್ಟಿತು.

ತಬಸ್ಸುಮ್ ಪರದೆಯ ಮೇಲೆ ಬೆರಳಿಟ್ಟು ನೋಡುತ್ತ ನಕ್ಕಳು. "ನೀವು ಮಾತಿಗೆ ಒಗ್ಗರಣೆ ಹಾಕೋದು ಅಡಿಗೆಮನೆ ಒಳಗಲ್ಲ ಯಜಮಾನ್ರೇ, ಬಡಿಸೋ ದಾರಿಯಲ್ಲಿ. ಗಿಳಿ ಅದಕ್ಕೂ ಮುಂಚೆ ಇಸ್ಕಂಡುಬಿಡ್ತದೆ. ನೋಡ್ರಿ, ಎಷ್ಟು ಸಪ್ಪೆ ಬಂತು!"

*

ಮನೆಯಲ್ಲಿ ಗಿಳಿಯ ರಾಜ್ಯ ಶುರುವಾಯಿತು.

ದುರುಗೇಶಿ ನಾಲ್ಕು ಜನ ಹಳೆಯ ಗೆಳೆಯರನ್ನು ಕರೆದುಕೊಂಡು ಬಂದ. ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿ, "ಅಣ್ಣಾ, ಆ ಹೊಳೆ ದಾಟಿದ್ದು ಹೇಳು. ಆಟೋ ತೇಲ್ಕಂತ ಹೋದ್ರೂ ನೀನು ಮೈಕ್ ಬಿಡ್ಲಿಲ್ಲಲ್ಲ, ಅದು" ಅಂದ.

"ಮೊಣಕಾಲಷ್ಟು ನೀರಿತ್ತು" ಅಂದಿತು ಗಿಳಿ. "ದುರುಗೇಶಿ ತಳ್ಳಿದ. ನಾನು ಒಳಗೆ ಕೂತಿದ್ದೆ."

ಗೆಳೆಯರು ಬಜ್ಜಿ ತಿಂದರು, ಮುಖ ಮುಖ ನೋಡಿಕೊಂಡರು, ಎದ್ದರು. ಈಗ ಯಾರೂ ಅವರಿಗೆ ಬನ್ನಿರಿ ಅನ್ನಲಿಲ್ಲ. ಮುಂದಿನ ವಾರ ಇಬ್ಬರು ಬಂದರು. ಆಮೇಲೆ ದುರುಗೇಶಿ ಒಬ್ಬನೇ.

ಆದರೆ ಕೊಟ್ರಮ್ಮ! ಮದುವೆಯಾದಾಗಿನಿಂದ ಅವಳ ಮುಖದಲ್ಲಿ ಅಷ್ಟು ನಿರಾಳ ನಾನು ಕಂಡಿರಲಿಲ್ಲ. ಭಾಗಾಕಾರದ ಕೆಲಸವೇ ಇಲ್ಲ.

"ನೋವು ಐತೇನ್ರಿ?"

"ಸ್ವಲ್ಪ. ಭುಜದಲ್ಲಿ."

"ಉಪ್ಪು ಸರಿ ಐತಾ?"

"ಸರಿ ಇದೆ."

ಅಷ್ಟೆ. ಕೇಳುತ್ತಾಳೆ, ಉತ್ತರ ಬರುತ್ತದೆ, ನಂಬುತ್ತಾಳೆ. ಬೆಳಗಿನ ಹೊತ್ತು ನನ್ನ ಬಲಗೈಗೆ ಕೆಲಸ ಕೊಡುತ್ತಿದ್ದಳು. ಬಟಾಣಿ ಆರಿಸುವುದು, ಬಟ್ಟೆಯ ಕ್ಲಿಪ್ಪು ಹಾಕುವುದು. ಆಮೇಲೆ ಜೋಳದ ಹಿಟ್ಟಿನ ಉಂಡೆ ಮುಂದಿಟ್ಟು ರೊಟ್ಟಿ ತಟ್ಟಲು ಹೇಳುತ್ತಿದ್ದಳು. ನಾನು ತಟ್ಟಿದ ರೊಟ್ಟಿಗಳಲ್ಲಿ ಆಫ್ರಿಕಾ ಇತ್ತು, ಆಸ್ಟ್ರೇಲಿಯಾ ಇತ್ತು, ಇನ್ನೂ ಯಾರೂ ಕಂಡುಹಿಡಿಯದ ಎರಡು ಖಂಡಗಳಿದ್ದವು. ಅವಳು ಅವನ್ನೇ ಬೇಯಿಸಿ ತಾನು ತಿಂದು, ದುಂಡನೆಯದು ನನಗೆ ಹಾಕುತ್ತಿದ್ದಳು. ಕೈ ಮೆಲ್ಲಮೆಲ್ಲಗೆ ಬರತೊಡಗಿತು. ಎಷ್ಟು ಬಂತೆಂದರೆ ಬೆಟ್ಟ ಎತ್ತುವಷ್ಟು. ಸರಿ, ಚೊಂಬು ಎತ್ತುವಷ್ಟು.

ನಾಲಿಗೆ ಮಾತ್ರ ಬರಲಿಲ್ಲ. ಅದಕ್ಕೆ ಬರುವ ಅಗತ್ಯವೂ ಇರಲಿಲ್ಲ, ಗಿಳಿ ಇತ್ತಲ್ಲ. ಬನ್ನಿರಿ ಅನ್ನುವುದನ್ನೂ ಬಿಟ್ಟು, ಬಾಯೊಳಗೆ ಮೂಲೆ ಹಿಡಿದು ಮಲಗಿತ್ತು.

*

ಮತ್ತೊಮ್ಮೆ ಪ್ರಯೋಗಶಾಲೆ. ಈ ಸಲ ತಬಸ್ಸುಮ್ ನಗುತ್ತಿರಲಿಲ್ಲ. ಪರದೆಯ ಮೇಲಿನ ನನ್ನ ತಲೆಯಲ್ಲಿ ಹಸಿರು ಗೆರೆಯೊಂದು ಹೆದ್ದಾರಿಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕ, ಕಂಡೂ ಕಾಣದ ಹಾಗೆ, ಒಂದು ಕೆಂಪು ಎಳೆ.

"ಹಸಿರುದು ಗಿಳಿ. ಕೆಂಪುದು ನಿಮ್ಮದೇ ದಾರಿ. ಕುಸಿದ ಜಾಗದ ಸುತ್ತಮುತ್ತ ಬದುಕಿರೋ ಮಿದುಳು ತಾನೇ ಒಂದು ಕಾಲುದಾರಿ ಮಾಡ್ಕಳಾಕೆ ನೋಡ್ತಾ ಇದೆ. ಆದ್ರೆ ಆ ದಾರೀಲಿ ನಡೆಯೋರೇ ಇಲ್ಲ. ಗಿಳಿ ಇರೋದ್ರಿಂದ ನೀವು ನಾಲಿಗೆ ಎತ್ತೋ ಕಷ್ಟನೇ ತಗಳ್ತಿಲ್ಲ. ಹೋದ ತಿಂಗಳು ಇದು ಇನ್ನೂ ದಪ್ಪ ಇತ್ತು. ಹಿಂಗೇ ಬಿಟ್ರೆ ಹುಲ್ಲು ಬೆಳೀತದೆ."

"ಅಂದ್ರೆ?" ಅಂದಳು ಕೊಟ್ರಮ್ಮ.

"ಗಿಳಿ ಬಿಚ್ಚಿಡ್ಬೇಕು ಅಮ್ಮಾ. ಬಿಚ್ಚಿಟ್ಟು, ಕಷ್ಟಪಟ್ಟು, ತಪ್ಪು ತಪ್ಪಾಗಿ ಬಾಯಿಂದಲೇ ಆಡಿಸ್ಬೇಕು. ಮೊದಲ ಕೆಲವು ತಿಂಗಳಾಗೆ ಬರೋದು ಬಹಳ. ಆಮೇಲೂ ಬರ್ತದೆ, ಆದ್ರೆ ನಿಧಾನ. ಬಂದೇ ಬರ್ತದೆ ಅಂತ ನಾನು ಆಣೆ ಮಾಡಲಾರೆ. ಬಿಚ್ಚದಿದ್ರೆ ಬರೋದಿಲ್ಲ ಅನ್ನೋದು ಮಾತ್ರ ಈ ಪರದೆ ಮೇಲೆ ಕಾಣ್ತಾ ಇದೆ."

"ಬ್ಯಾಡ."

ಕೊಟ್ರಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಗಾಜಿನ ಕೋಣೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಬ್ಯಾಡವ್ವ. ಇದು ಇದ್ರೆ ಇವರು ಇದ್ದದ್ದು ಇದ್ದಂಗೆ ಹೇಳ್ತಾರೆ. ನೋವಂದ್ರೆ ನೋವು, ಇಲ್ಲಂದ್ರೆ ಇಲ್ಲ. ಬಿಚ್ಚಿದ ಮ್ಯಾಲೆ ಇನ್ನೊಂದು ಸಲ ಹೊಡೆದ್ರೆ? ಲಕ್ವ ಹೊಡೆದೋರಿಗೆ ಮತ್ತೆ ಹೊಡೀತೈತಿ ಅಂತ ನೀನೇ ಹೇಳೀಯಲ್ಲ. ಅವತ್ತು ಇವರು ಆನೆ ಅಂದ್ರೆ ನಾನು ಎಮ್ಮೆಕರ ಅಂದೆ. ಮತ್ತೆ ಹಂಗೇ ಅಂದುಬಿಟ್ರೆ? ನಂಗೆ ಇವರ ಮಾತು ಬ್ಯಾಡ. ಇವರು ಬೇಕು."

ಅವಳು ನನ್ನ ಕಡೆ ತಿರುಗಿದಳು. ಇಷ್ಟು ದಿನ ಕೇಳದೆ ಹೊತ್ತುಕೊಂಡು ತಿರುಗಿದ್ದನ್ನು ಕೇಳಿಯೇ ಬಿಟ್ಟಳು.

"ಹೇಳ್ರಿ. ಅವತ್ತು ನಾ ತಡ ಮಾಡ್ದೆ ಅಂತ ನಿಮಗೆ ನನ್ನ ಮ್ಯಾಲೆ ಸಿಟ್ಟೈತಾ?"

ನಾನು ಹೇಳಬೇಕೆಂದಿದ್ದು ಬೇರೆ. ಸಿಟ್ಟೇ? ನಿನ್ನ ಮೇಲೆಯೇ? ಸೂರ್ಯ ಚಂದ್ರರಿರುವ ತನಕ ಸಾಸಿವೆ ಕಾಳಿನಷ್ಟೂ ಇಲ್ಲ! ಮೂರು ಲೋಕದಲ್ಲಿ ನಿನ್ನಂಥ ಹೆಂಡತಿ ಯಾರಿಗಿದ್ದಾಳೆ? ಹೀಗೆ ಹೇಳಬೇಕೆಂದಿದ್ದೆ.

"ಇತ್ತು" ಅಂದಿತು ಗಿಳಿ. "ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಇತ್ತು. ಈಗ ಇಲ್ಲ."

ಕೊಟ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ತಬಸ್ಸುಮ್ ಸುಮ್ಮನೆ ಪರದೆಯ ಕಡೆ ಮುಖ ಮಾಡಿದಳು. ನಾನು ಆ ಗಿಳಿಯನ್ನು ಏಳು ಜನ್ಮಕ್ಕೂ ಶಪಿಸುತ್ತ ಕೂತಿದ್ದೆ. ಆದರೆ ಅತ್ತು ಮುಗಿಸಿದ ಕೊಟ್ರಮ್ಮನ ಮುಖ ನೋಡಿದೆ. ನಾನು ಹೇಳಬೇಕೆಂದಿದ್ದನ್ನು ನನ್ನ ಬಾಯಿಂದಲೇ ಹೇಳಿದ್ದರೆ ಅವಳು ಹತ್ತರಿಂದ ಭಾಗಿಸುತ್ತಿದ್ದಳು, ಉಳಿದದ್ದನ್ನು ಎದೆಯಲ್ಲಿಟ್ಟುಕೊಂಡು ಕೊರಗುತ್ತಿದ್ದಳು. ಇದನ್ನು ಭಾಗಿಸುವಂತಿರಲಿಲ್ಲ. ಈಗ ಇಲ್ಲ ಅಂದರೆ ಇಲ್ಲ.

"ನನಗೆ ನನ್ನ ನಾಲಿಗೆ ಬೇಕು" ಅಂದಿತು ಗಿಳಿ. ಅದನ್ನು ಮಾತ್ರ ಅದು ನಾನು ಅಂದುಕೊಂಡ ಹಾಗೆಯೇ ಹೇಳಿತು.

ಮನೆಗೆ ಬಂದ ಮೇಲೆ ಕೊಟ್ರಮ್ಮ ತಾನೇ ನನ್ನ ಕೂದಲು ಸರಿಸಿ ಗಿಳಿಯನ್ನು ಬಿಡಿಸಿದಳು. ಅರಿವೆಯಲ್ಲಿ ಸುತ್ತಿ ಸಾಸಿವೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕೈಗೆಟಕುವ ಜಾಗದಲ್ಲೇ ಇಟ್ಟಳು.

*

ಆಮೇಲಿನ ದಿನಗಳು ಹೇಗಿದ್ದವೆಂದರೆ, ನಾನು ಹೇಳಲಾರೆ. ನಿಜಕ್ಕೂ ಹೇಳಲಾಗುತ್ತಿರಲಿಲ್ಲ.

ಮಾತಿನ ಮಾಸ್ತರಿಕೆಯನ್ನೂ ತಬಸ್ಸುಮಳೇ ಕಲಿಸಿಕೊಟ್ಟಿದ್ದಳು. ರಾಗ ತಲೆಯ ಬಲಭಾಗದಲ್ಲಿರುತ್ತದಂತೆ, ಅಲ್ಲಿ ನನಗೆ ಏನೂ ಆಗಿಲ್ಲವಂತೆ. ಹಾಗಾಗಿ ಎಡಗೈಯಿಂದ ತಾಳ ತಟ್ಟುತ್ತ, ಹಳೆಯ ಪ್ರಚಾರದ ಧಾಟಿಗೆ ಹೊಸ ಮಾತು ಕೂರಿಸಿ ಹಾಡಬೇಕು. ಕೊಟ್ರಮ್ಮ ಎದುರು ಕೂತು ಮೈಕ್ ಮುರಿಗೆಪ್ಪನ ಧಾಟಿಯಲ್ಲಿ, "ನೀ...ರೂ, ನೀ...ರೂ" ಎಂದು ಕೂಗುವಳು. ಅವಳ ಕಂಠವೋ, ಪಕ್ಕದ ಮನೆಯ ನಾಯಿ ಊರು ಬಿಟ್ಟು ಹೋಯಿತು. ನಾನು ತಾಳ ತಟ್ಟಿ, ಉಸಿರು ಕಟ್ಟಿ, ಹಣೆಯ ನರ ಉಬ್ಬಿಸಿ, ಲೋಕದ ಶಕ್ತಿಯನ್ನೆಲ್ಲ ಸೇರಿಸಿ ಬಾಯಿ ತೆರೆಯುವೆ.

"ಬನ್ನಿರಿ!"

ನೀರು ಇಲ್ಲ, ಉಪ್ಪು ಇಲ್ಲ, ರೊಟ್ಟಿ ಇಲ್ಲ. ವಾರಗಳು ಹೋದವು. ಕೊಟ್ರಮ್ಮ ಹಗಲೆಲ್ಲ ನನ್ನ ಮುಖವನ್ನೇ ನೋಡುವಳು. ನಗಿಸಿ ನೋಡುವಳು, ತುಟಿ ಸರಿಯಿದೆಯಾ ಎಂದು. ಎರಡೂ ಕೈ ಮೇಲೆತ್ತಿಸಿ ನೋಡುವಳು, ಯಾವುದಾದರೂ ಕೆಳಗೆ ಜಾರುತ್ತದಾ ಎಂದು. ಒಮ್ಮೊಮ್ಮೆ ಅವಳ ಕಣ್ಣು ಸಾಸಿವೆ ಡಬ್ಬಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವಳು ನಿಟ್ಟುಸಿರು ಬಿಟ್ಟು ಮತ್ತೆ, "ನೀ...ರೂ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಉಂಡು ಮಲಗಿ ಎದ್ದೆ. ದುರುಗೇಶಿ ಹೊರಗೆ ಆಟೋ ಒರೆಸುತ್ತಿದ್ದ. ಕೊಟ್ರಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಲಗೈ ಎತ್ತಲು ಹೋದೆ. ಬರಲಿಲ್ಲ. ಬೆರಳು ಬರಲಿಲ್ಲ, ಮೊಣಕೈ ಬರಲಿಲ್ಲ. ಅವಳು ರೊಟ್ಟಿ ತಟ್ಟಿಸಿ ತಟ್ಟಿಸಿ ವಾಪಸು ತಂದ ಕೈ, ಕಟ್ಟಿಗೆಯ ಹಾಗೆ ಬಿದ್ದಿತ್ತು.

ಎಡಗೈಯಿಂದ ಮಂಚ ತಟ್ಟಿದೆ. ಅವಳು ತಿರುಗಿ ನೋಡಿದಳು. ನಾನು ಬಾಯಿ ತೆರೆದೆ. ಬನ್ನಿರಿ ಬಂದು ಹಲ್ಲಿನ ಹಿಂದೆ ನಿಂತಿತು. ಅದನ್ನು ಪಕ್ಕಕ್ಕೆ ದಬ್ಬಿದೆ. ಅದರ ಹಿಂದೆ, ಬಹಳ ದೂರದಿಂದ, ಹುಲ್ಲು ತುಳಿಯುತ್ತ ಏನೋ ಬರುತ್ತಿತ್ತು.

"ಆ..." ಅಂದೆ. "ಆ... ನೆ."

ಕೊಟ್ರಮ್ಮನ ಮಡಿಲಿನಿಂದ ಅವರೆಕಾಳು ನೆಲಕ್ಕೆ ಚೆಲ್ಲಿತು. ಅವಳು ಡಬ್ಬಿಯ ಕಡೆ ನೋಡಲಿಲ್ಲ. ಗಿಳಿ ಹಾಕಿ, ನಿಜವೋ ಸುಳ್ಳೋ ಕೇಳಲಿಲ್ಲ. ಯಾವುದರಿಂದಲೂ ಭಾಗಿಸಲಿಲ್ಲ.

"ದುರುಗೇಶೀ! ಗಾಡಿ ತಗೀ!"

"ತಾನೇ ಓಡೋ ಗಾಡಿ ಕರೀಲೇನು ಅತ್ತಿಗೆ?"

"ಅವು ನಮಸ್ಕಾರ ಮಾಡ್ಕಂತ ನಿಲ್ತಾವೆ! ನಮ್ಮದೇ ತಗೀ!"

ಇಬ್ಬರೂ ಸೇರಿ ನನ್ನನ್ನು ಎತ್ತಿ ಆಟೋದೊಳಗೆ ಕೂರಿಸಿದರು. ಮಂಡಿಪೇಟೆಯ ತಿರುವಿನಲ್ಲಿ ದಾರಿಯೆಲ್ಲ ಕಟ್ಟಿಹೋಗಿತ್ತು. ಡ್ರೈವರಿಲ್ಲದ ಆಟೋಗಳು ಸಾಲಾಗಿ ನಿಂತು ಒಂದಕ್ಕೊಂದು ಮೊದಲು ತಾವು ಹೋಗಿ, ಇಲ್ಲ ತಾವು ಹೋಗಿ ಎಂದು ಮರ್ಯಾದೆ ಮಾಡುತ್ತಿದ್ದವು. ದುರುಗೇಶಿ ಹಾರ್ನ್ ಒತ್ತಿದ. ಯಾರೂ ಕದಲಲಿಲ್ಲ. ಆಗ ಕೊಟ್ರಮ್ಮ ನನ್ನ ತೊಡೆಯ ಮೇಲಿನಿಂದ ಬಗ್ಗಿ ಮೈಕಿನ ವೈರು ಹಿಡಿದು ಎಳೆದಳು, ಗುಂಡಿ ಒತ್ತಿದಳು. ಹೆಚ್ಚು ಮಾತಾಡಿ ಗೊತ್ತಿಲ್ಲದ ಹೆಂಗಸು, ನೂರನ್ನು ಹತ್ತು ಮಾಡಿಯೇ ಬದುಕಿದ ಹೆಂಗಸು.

"ಬನ್ನಿರಿ ಅಲ್ಲ, ಸರೀರಿ! ಸರೀರಿ, ಸರೀರಿ, ಸರೀರಿ! ಈ ಆಟೋದಾಗೆ ನೂರು ಮಂದಿ ಸಾಯಾಕತ್ತಾರೆ! ಒಬ್ಬೊಬ್ಬರ ಮ್ಯಾಲೂ ಹತ್ತತ್ತು ಆನೆ ಕುಂತಾವೆ! ದಾರಿ ಬಿಡ್ಲಿಲ್ಲ ಅಂದ್ರೆ ನಿಮ್ಮ ನಿಮ್ಮ ಮನೆ ಮ್ಯಾಲೆ ಬಂದು ಬೀಳ್ತಾವೆ! ಕಡೇ ಎಚ್ಚರಿಕೆ! ಇಂದೇ ಕಡೇ ದಿನ!"

ಮಂಡಿಪೇಟೆ ಎರಡು ಸೀಳಾಯಿತು. ಗಾಡಿಗಳು ಗೋಡೆ ಹತ್ತಿದವು, ಅಂಗಡಿಗಳು ಹಿಂದೆ ಸರಿದು ನಿಂತವು. ಇಷ್ಟು ವರ್ಷ ಮೈಕ್ ಹಿಡಿದವನು ಹೇಳುತ್ತಿದ್ದೇನೆ, ಅಂಥ ಪ್ರಚಾರ ನಾನು ಜನ್ಮದಲ್ಲಿ ಮಾಡಿಲ್ಲ. ಅರ್ಧ ಕಟ್ಟಿಗೆಯಾಗಿ ಕೂತಿದ್ದರೂ ನನ್ನ ಎದೆ ಉಬ್ಬಿ ಆಟೋ ಒಂದು ಕಡೆ ವಾಲಿತು.

*

ತಬಸ್ಸುಮ್ ನನ್ನನ್ನು ಯಂತ್ರದೊಳಗೆ ತೂರಿಸಿದಳು, ಹೊರಗೆಳೆದಳು. ಕೈ ಎತ್ತಿಸಿದಳು. ಅಷ್ಟು ಹೊತ್ತಿಗೆ ಕೈ ತಾನಾಗಿಯೇ ಮೇಲೆ ಬಂತು, ಸಾವಿರ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತ.

"ಏನೂ ಆಗಿಲ್ಲ ಅಮ್ಮಾ" ಅಂದಳು. "ರಕ್ತ ಚೆನ್ನಾಗಿ ಓಡ್ತಾ ಇದೆ. ಕೈ ಮೇಲೆ ಮಲಗಿಬಿಟ್ಟಿದ್ರು. ಜೋಮು."

ಕೊಟ್ರಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. "ಜೋಮಾ?"

"ಜೋಮೇ. ಆದ್ರೂ ಬಂದಿದ್ದು ಬಹಳ ಒಳ್ಳೇದಾಯ್ತು. ಮುಂದಿನ ಸಲನೂ ಹಿಂಗೇ ಬರ್ರಿ." ಅವಳು ಏನನ್ನೋ ಬ್ಯಾಗಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಕೈ ಹಿಂಗಾಗಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಗಿಳಿ ಹಾಕಿದ್ರಾ?"

"ಇಲ್ಲವ್ವ. ಅದು ಡಬ್ಬಿಯಾಗೈತಿ. ಇವರೇ ಹೇಳಿದ್ರು."

"ಏನಂತ?"

"ಆನೆ ಅಂತ."

ತಬಸ್ಸುಮ್ ಒಂದೇ ಹೆಜ್ಜೆಗೆ ಪರದೆಯ ಹತ್ತಿರ ಹೋಗಿ ನನ್ನ ತಲೆಯ ನಕ್ಷೆ ತೆರೆದಳು. "ಯಜಮಾನ್ರೇ, ಇನ್ನೊಂದು ಸಲ. ನಿಧಾನಕ್ಕೆ."

ನಾನು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿದೆ. ಬನ್ನಿರಿಯನ್ನು ಸರಿಸಿದೆ. "ಆ... ನೆ." ಪರದೆಯ ಮೇಲೆ ಆ ಕೆಂಪು ಎಳೆ, ಕಂಡೂ ಕಾಣದಂತಿದ್ದದ್ದು, ಮಿಣುಕಿತು. "ಆನೆ" ಅಂದೆ. ಮತ್ತೆ ಮಿಣುಕಿತು. ಆಮೇಲೆ ಯಾರೂ ಕೇಳದೆಯೇ, ದಾರಿ ತೆರೆದ ಖುಷಿಗೆ, "ದೊ... ದೊಡ್ಡ ಆನೆ!" ಅಂದೆ.

"ಒಗ್ಗರಣೆ!" ಎಂದು ಕೂಗಿದಳು ತಬಸ್ಸುಮ್. ಡಾಕ್ಟರೊಬ್ಬಳು ಹಾಗೆ ಕುಣಿಯಬಾರದು, ಆದರೂ ಕುಣಿದಳು. "ಅಮ್ಮಾ, ಜೋಮಿಗೆ ಆನೆ ಅಂದಿದ್ದಾರೆ! ಅದು ಗಿಳಿ ಮಾತಲ್ಲ, ಪೂರಾ ಇವರದೇ!"

ಕೊಟ್ರಮ್ಮ ನನ್ನನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ. ಜೋಮಿಗೆ ಆನೆ ಅಂದು ಊರನ್ನೇ ಎಬ್ಬಿಸಿದ್ದೆನಲ್ಲ. ಅವಳು ಸೆರಗಿನಿಂದ ನನ್ನ ಬಾಯಿಯ ಮೂಲೆ ಒರೆಸಿದಳು, ಅಲ್ಲಿ ಏನೂ ಇರಲಿಲ್ಲ.

"ಕೇಳ್ರಿ ಇಲ್ಲಿ" ಅಂದಳು. "ಇನ್ನ ಮ್ಯಾಲೆ ಮೈಗೆ ಸಂಬಂಧಪಟ್ಟಿದ್ದನ್ನ ನಾ ಭಾಗಿಸಲ್ಲ. ಆನೆ ಅಂದ್ರೆ ಆನೆ. ಉಳಿದಿದ್ದನ್ನ ಮಾತ್ರ ಬಿಡಲ್ಲ, ಭಾಗಿಸೇ ಭಾಗಿಸ್ತೀನಿ."

ಹೊರಗೆ ಬಂದಾಗ ಸಂಜೆಯ ಬಿಸಿಲಿತ್ತು. ದುರುಗೇಶಿ ಆಟೋವನ್ನು ನೇರ ದೋಸೆ ಹೋಟೆಲಿನ ಮುಂದೆ ನಿಲ್ಲಿಸಿದ. ಅಷ್ಟು ಕೂಗಿದ ಮೇಲೆ ಅತ್ತಿಗೆಗೆ ಹಸಿವಾಗಿರುತ್ತದೆ ಅಂದ. ತಾನು ಗಾಡಿಯ ಹತ್ತಿರವೇ ನಿಂತು, ಸುತ್ತ ಸೇರಿದ ಹುಡುಗರಿಗೆ ನೂರು ಆನೆಗಳ ಕಥೆ ಹೇಳತೊಡಗಿದ. ಒಳಗೆ ಎರಡು ಬೆಣ್ಣೆ ದೋಸೆ ಬಂದವು. ಒಂದೊಂದರ ಮೇಲೂ ಒಂದು ಡೈರಿಯ ಬೆಣ್ಣೆ. ಬಲಗೈಯಿಂದ ದೋಸೆ ಮುರಿದೆ. ಅಂಕುಡೊಂಕಾಗಿ ಮುರಿಯಿತು. ಕೊಟ್ರಮ್ಮ ನೋಡಿಯೂ ನೋಡದ ಹಾಗೆ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು, ಕೂದಲು ಕೆದರಿತ್ತು, ಕಾಲಲ್ಲಿ ಇವತ್ತೂ ಚಪ್ಪಲಿ ಇರಲಿಲ್ಲ.

ನನಗೆ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಗಿಳಿ ಇದ್ದಿದ್ದರೆ ಆಗಲೇ ಹೇಳಿ ಮುಗಿಸಿರುತ್ತಿತ್ತು, ಸಪ್ಪೆಯಾಗಿ, ಎರಡೇ ಶಬ್ದದಲ್ಲಿ. ನಾನು ಮೇಜಿನ ಮೇಲೆ ಎಡಗೈಯಿಂದ ತಾಳ ಹಾಕಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ.

"ಲ..." ಅಂದೆ. "ಲ... ಲಕ್ಷ."

"ಏನು ಲಕ್ಷ?"

ಅವಳ ಕಡೆ ಬೆರಳು ತೋರಿಸಿದೆ, ನನ್ನ ಕಡೆ ತೋರಿಸಿದೆ. ಹಣೆಯಲ್ಲಿ ಬೆವರೊಡೆಯಿತು. ಕಾಲುದಾರಿಯಲ್ಲಿ ಹುಲ್ಲು ತುಳಿಯುತ್ತ ಅದು ಬಂದೇ ಬಂತು.

"ವ... ರ್ಷ."

ಕೊಟ್ರಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕಿಟಕಿಯ ಆಚೆ ನೋಡಿದಳು. ಅವಳ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ಹತ್ತು ಸಾವಿರ ವರ್ಷ" ಅಂದಳು ಕೊನೆಗೆ. "ಇರ್ಲಿ, ಅಷ್ಟು ಸಾಕು. ದೋಸೆ ಆರ್ತೈತಿ, ತಿನ್ರಿ."